ಮಗಳು ಇಂಟರ್ನ್‌ಶಿಪ್‌ಗೆ ಹೋಗುತ್ತೇನೆ ಅಂದರೆ...



ಗೆಂಡೆಹಳ್ಳಿ ಸುತ್ತಿನ ಸಂಘದ ಸಭೆಗಳಲ್ಲಿ ಈಗ ಹೊಸದೊಂದು ಪ್ರಶ್ನೆ ಬರುತ್ತಿದೆ. "ಸಿಸ್ಟರ್, ಡಿಗ್ರಿ ಓದೋ ಮಗಳು ಇಂಟರ್ನ್‌ಶಿಪ್ ಅಂತಾಳೆ. ಅದೂ ನಾಟಕದ ಸಂಸ್ಥೇಲಂತೆ. ಸಂಬಳ ಇಲ್ಲ ಅಂದ್ಮೇಲೆ ಯಾಕೆ ಕಳಿಸ್ಬೇಕು?" ಪ್ರಶ್ನೆ ನ್ಯಾಯವಾದದ್ದೇ. ಬೇಡ ಅನ್ನುವ ಮೊದಲು ವಿಷಯ ತಿಳಿದುಕೊಳ್ಳೋಣ.

ಇಂಟರ್ನ್‌ಶಿಪ್ ಎಂದರೇನು?

ಓದುತ್ತಿರುವಾಗಲೇ ಒಂದೆರಡು ತಿಂಗಳು ಒಂದು ಸಂಸ್ಥೆಯಲ್ಲಿದ್ದು, ಕೆಲಸ ಮಾಡುತ್ತಲೇ ಕೆಲಸ ಕಲಿಯುವುದು. ಇದು ನಮಗೆ ಹೊಸದೇನಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಇದೆ, ಅವನ ಮಗ ಚಾವಣನ ಹೆಸರೂ ಇದೆ. ಆಗ ಮನೆಯ ಕಸುಬನ್ನು ಹಿರಿಯರ ಪಕ್ಕದಲ್ಲೇ ಕಲಿಯುತ್ತಿದ್ದರು. ಈಗ ಮನೆಯಲ್ಲಿಲ್ಲದ ಕಸುಬು ಕಲಿಯಲು ಮಕ್ಕಳು ಹೊರಗೆ ಹೋಗಬೇಕಾಗಿದೆ.

ಕಲಾ ಸಂಸ್ಥೆಯಲ್ಲಿ ಏನು ಕೆಲಸ?

ಸಾಗರ ತಾಲ್ಲೂಕಿನ ಹೆಗ್ಗೋಡು ನಮ್ಮೂರಿನಂಥ ಹಳ್ಳಿಯೇ. ಅಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ 'ತಿರುಗಾಟ' ಶುರುವಾದವು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಂಗಳೂರಿನಲ್ಲಿ 2004ರಲ್ಲಿ ತೆರೆದ ರಂಗಶಂಕರವೂ ಇಂಥದ್ದೇ, ಒಂದು ಟ್ರಸ್ಟ್ ನಡೆಸುವ ರಂಗಮಂದಿರ.

ಲಾಭರಹಿತ ಅಂದರೆ ದುಡ್ಡೇ ಮುಟ್ಟುವುದಿಲ್ಲ ಎಂದಲ್ಲ. ಟಿಕೆಟ್, ದೇಣಿಗೆ, ಅನುದಾನದಿಂದ ಹಣ ಬರುತ್ತದೆ. ಉಳಿದದ್ದನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಅದೇ ಕೆಲಸಕ್ಕೆ ಹಾಕಬೇಕು. ಹಾಗಾಗಿ ಅಲ್ಲಿ ಬಣ್ಣ ಹಚ್ಚುವವರಷ್ಟೇ ಸಾಲದು. ಟಿಕೆಟ್ ಲೆಕ್ಕ ಇಡಬೇಕು, ಪತ್ರ ಬರೆಯಬೇಕು, ಉಡುಪು ಹೊಲಿಸಬೇಕು, ಜನರನ್ನು ಕರೆಯಬೇಕು, ಅನುದಾನಕ್ಕೆ ಅರ್ಜಿ ಹಾಕಬೇಕು, ಖರ್ಚಿನ ವರದಿ ಕೊಡಬೇಕು. ಸಂಘದ ನಡಾವಳಿ ಪುಸ್ತಕ, ನಗದು ಪುಸ್ತಕ ಬರೆಯುವ ನಿಮಗೆ ಇದರ ಬೆಲೆ ಗೊತ್ತು. ಇದನ್ನೆಲ್ಲ ಕಲಿತವಳಿಗೆ ಶಾಲೆ, ಆಫೀಸು, ಪತ್ರಿಕೆ ಎಲ್ಲಿ ಹೋದರೂ ಉಪಯೋಗವಿದೆ.

ಖರ್ಚಿನ ಮಾತು

ಕೆಲವು ಕಡೆ ಸ್ವಲ್ಪ ಗೌರವಧನ ಕೊಡುತ್ತಾರೆ, ಕೆಲವು ಕಡೆ ಏನೂ ಇಲ್ಲ. ಊಟ, ವಸತಿ ಯಾರದು ಎಂದು ಮೊದಲೇ ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಅಷ್ಟು ಭಾರ ಕಡಿಮೆ. ಉಳಿದದ್ದಕ್ಕೆ ಸಂಘದ ಆಂತರಿಕ ಸಾಲ ಕೇಳಬಹುದು. ಮದುವೆಗೆ ಸಾಲ ಕೊಡುವ ನಾವು ಮಗಳ ಕಲಿಕೆಗೆ ಹಿಂಜರಿಯಬಾರದು. ಆದರೆ ಸೇರಿಸಿಕೊಳ್ಳಲು ದುಡ್ಡು ಕೇಳುವವರಿದ್ದರೆ ಎಚ್ಚರ!

ಕಳಿಸುವ ಮುಂಚೆ

* ಕಾಲೇಜಿನ ಪತ್ರ ಇರಲಿ. ಸಂಸ್ಥೆಯಿಂದಲೂ ಕೆಲಸ, ದಿನ, ಸಮಯ ಬರೆದ ಪತ್ರ ಬರಲಿ.
* ಇಳಿದುಕೊಳ್ಳುವ ಜಾಗ, ಅಲ್ಲಿ ಜವಾಬ್ದಾರಿ ಇರುವವರ ಫೋನ್ ನಂಬರ್ ಮನೆಯಲ್ಲಿರಲಿ.
* ನಾಟಕ ಮುಗಿಯುವುದು ರಾತ್ರಿ. ವಾಪಸ್ ಯಾರ ಜೊತೆ ಬರುತ್ತಾಳೆ ಎಂದು ಕೇಳಿ.
* ಕೊನೆಗೆ ಮಾಡಿದ ಕೆಲಸ ನಮೂದಿಸಿದ ಪ್ರಮಾಣಪತ್ರ ಕೇಳಿ ಪಡೆಯಲಿ.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವಳಿಗೂ, ಸಂಬಳವಿಲ್ಲದೆ ದುಡಿಯುವವಳಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ತುರ್ತಿಗೆ ಮಹಿಳಾ ಸಹಾಯವಾಣಿ 181. "ಏನಾದ್ರೂ ಆದ್ರೆ ಮೊದಲು ನಂಗೆ ಹೇಳು, ಓದು ಬಿಡಿಸಲ್ಲ" ಎಂದು ಹೊರಡುವ ಮುಂಚೆಯೇ ಮಗಳಿಗೆ ಹೇಳಿ. ಓದು ನಿಲ್ಲಿಸುತ್ತಾರೆಂಬ ಭಯಕ್ಕೇ ಎಷ್ಟೋ ಹುಡುಗಿಯರು ಬಾಯಿ ಬಿಡುವುದಿಲ್ಲ.

ಮುಂದಿನ ವಾರದ ಸಭೆಯಲ್ಲಿ ಈ ಪುಟವನ್ನು ಓದು ಬರುವವರು ಗಟ್ಟಿಯಾಗಿ ಓದಿ ಹೇಳಿ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ. ಅವರ ಮಾತನ್ನೂ ಕೇಳೋಣ.