ಊರಿನ ನಂಬಿಕೆಯೇ ಜಾಮೀನು

ಮುಂಗಾರು ಹನಿಯುವ ಹೊತ್ತಿಗೆ ರೈತನಿಗೆ ಬೀಜ ಬೇಕು, ಎತ್ತು ಬೇಕು. ಕೈಗೆ ಕಾಸು ಬರುವುದು ಮಾತ್ರ ಸುಗ್ಗಿಯ ನಂತರ. ನಡುವಿನ ತಿಂಗಳುಗಳೇ ಸಾಹುಕಾರನ ಬಡ್ಡಿ ಬೆಳೆಯುವ ಕಾಲ. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟದ್ದು ಈ ಸಂಕಟದಿಂದಲೇ. ಮರುವರ್ಷ ಕಾಲಿಟ್ಟ ಭೀಕರ ಬರ ಧಾರವಾಡ ಸೀಮೆಯನ್ನೂ ಬಿಡಲಿಲ್ಲ.

1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯನ್ನು ತಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘವೊಂದು ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಮನ್ನಣೆ ಅದಕ್ಕಿದೆ.

ಕಾಯ್ದೆಯ ತಿರುಳು ಜರ್ಮನಿಯ ರೈಫೈಸೆನ್ ಹಾಕಿಕೊಟ್ಟ ಪದ್ಧತಿ. ಒಂದೇ ಊರಿನ ಅಥವಾ ನೆರೆಯೂರುಗಳ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದಿತ್ತು. ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ಸಾಲ ತೀರಿಸದಿದ್ದರೆ ಅದರ ಭಾರ ಎಲ್ಲರ ಮೇಲೂ ಬೀಳುತ್ತಿತ್ತು. ಲಾಭ ಬಂದರೆ ಮೊದಲು ಮೀಸಲು ನಿಧಿಗೆ. ನಿಯಮ ಕಠಿಣವೆನಿಸಿದರೂ ಅದರ ಬಲವಿದ್ದದ್ದು ಅಲ್ಲಿಯೇ. ಯಾರು ದುಡಿಯುವವರು, ಯಾರು ಮಾತಿಗೆ ತಪ್ಪುವವರು ಎಂಬುದು ದೂರದ ಬ್ಯಾಂಕಿಗೆ ತಿಳಿಯದು, ನೆರೆಮನೆಯವನಿಗೆ ತಿಳಿದಿರುತ್ತದೆ. ಹೊಲ ಅಡವಿಡಲಾರದ ರೈತನಿಗೆ ಊರಿನ ನಂಬಿಕೆಯೇ ಜಾಮೀನಾಯಿತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳಿನ ರೂಢಿಯಿದ್ದ ನಾಡಿಗೆ ಇದು ತೀರ ಹೊಸ ಪಾಠವೂ ಆಗಿರಲಿಲ್ಲ.

ಹಾಗೆಂದು ಚಳವಳಿ ಎಲ್ಲ ಕಡೆಯೂ ಗೆಲ್ಲಲಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಕೇವಲ ಶೇ. 3.1. ಅರ್ಧ ಶತಮಾನದ ನಂತರವೂ ಹಳ್ಳಿಯ ತಿಜೋರಿ ಸಾಹುಕಾರನ ಕೈಯಲ್ಲೇ ಉಳಿದಿತ್ತು. 1954ರಲ್ಲಿ ಹೊರಬಂದ ಸಮೀಕ್ಷೆಯ ವರದಿ, ಸರ್ಕಾರವೂ ಸಂಘಗಳಲ್ಲಿ ಪಾಲುದಾರನಾಗಬೇಕೆಂದು ಸೂಚಿಸಿತು. ಅದರಿಂದ ಹಣ ಹರಿದುಬಂತು; ಹಣದ ಹಿಂದೆಯೇ ಅಧಿಕಾರಿಗಳ ಹಿಡಿತ ಮತ್ತು ಚುನಾವಣೆಯ ರಾಜಕೀಯವೂ ಬಂದವು. ಸಾಲ ಸರ್ಕಾರದ್ದೆಂಬ ಭಾವನೆ ಬಂದ ಕಡೆ ಮರುಪಾವತಿಯ ಹೊಣೆಯೂ ಸಡಿಲಾಯಿತು.

ಕಣಗಿನಹಾಳದ ಪಾಠ ಇಲ್ಲಿದೆ. ಊರಿನ ಒಳಿತಿಗೆ ಹೊರಗಿನ ಹಣ ನೆರವಾಗಬಲ್ಲದು. ಆದರೆ ಲೆಕ್ಕದ ಪುಸ್ತಕ ಬಿಚ್ಚಿ ನೋಡುವ, ನೆರೆಯವನಿಗೆ ಹೊಣೆಯಾಗಿ ನಿಲ್ಲುವ ಕೆಲಸವನ್ನು ಊರಿನವರೇ ಮಾಡಬೇಕು.