ಬ್ಯಾಂಡಿಗೆ ಎತ್ತರದ ಹುಡುಗರೇ ಬೇಕೆ?

ಜೂನ್‌ನಲ್ಲಿ ಶಾಲೆ ಶುರುವಾಗಿ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಯುವಷ್ಟರಲ್ಲಿ ಆಗಸ್ಟ್ 15 ಬಂದೇಬಿಡುತ್ತದೆ. ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿರಲಿ, ಮದ್ದೂರು, ಮಳವಳ್ಳಿಯ ಮೈದಾನಗಳಿರಲಿ, ಪಥಸಂಚಲನಕ್ಕೆ ಬ್ಯಾಂಡ್ ಬೇಕು. ಆಗ ಎಷ್ಟೋ ಕಡೆ ಒಂಬತ್ತನೇ ತರಗತಿಯ ಎತ್ತರದ ಹುಡುಗರನ್ನು ಕರೆದು ಕೊರಳಿಗೆ ಡ್ರಮ್ ಹಾಕುತ್ತಾರೆ. ದೊಡ್ಡವರು ಬೇಗ ಕಲಿಯುತ್ತಾರೆ ಎಂಬ ನಂಬಿಕೆ. ಆದರೆ ಅವರ ಕೈ ಪಳಗುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಎದುರಾಗುತ್ತದೆ, ಮುಂದಿನ ಜೂನ್‌ಗೆ ಮತ್ತೆ ಮೊದಲಿಂದ ಹುಡುಕಾಟ. ಆರನೇ ತರಗತಿಯಲ್ಲಿ ಸೇರಿದ ಮಗು ನಾಲ್ಕು ವರ್ಷ ಬ್ಯಾಂಡಿನಲ್ಲಿರುತ್ತದೆ, ಕೊನೆಕೊನೆಗೆ ಹೊಸಬರಿಗೆ ತಾನೇ ಹೇಳಿಕೊಡುತ್ತದೆ. ಬರೀ ಪ್ರೌಢಶಾಲೆ ಇರುವ ಕಡೆ ಎಂಟನೇ ತರಗತಿಗೆ ದಾಖಲಾದ ವಾರವೇ ಮಕ್ಕಳನ್ನು ಕೇಳಬೇಕು. ಬೇಸ್ ಡ್ರಮ್ ಹೊರಲು ಮೈಕಟ್ಟು ಬೇಕು, ಒಪ್ಪೋಣ. ತಾಳ, ಟ್ರಯಾಂಗಲ್, ಕೊಳಲಿಗೆ ಯಾಕೆ?

‘ಬ್ಯೂಗಲ್ ಊದಿದ್ರೆ ಎದೆನೋವು ಬತ್ತದೆ’ ಅನ್ನುವುದು ಅಜ್ಜಿಯರ ಭಯ. ಬಲವಾಗಿ ಊದಿದರೆ ಮಾತ್ರ ನಾದ ಬರುತ್ತದೆ ಎಂದು ಮಕ್ಕಳೂ ನಂಬಿರುತ್ತಾರೆ. ನಾದ ಹುಟ್ಟುವುದು ತುಟಿಯಲ್ಲಿ. ಎರಡೂ ತುಟಿಯನ್ನು ಹಗುರವಾಗಿ ಸೇರಿಸಿ, ಬಾಯಿಯ ಮೂಲೆಗಳನ್ನು ಬಿಗಿಹಿಡಿದು ಗಾಳಿ ಬಿಟ್ಟರೆ ತುಟಿ ಬುರ್ರೆಂದು ಕಂಪಿಸುತ್ತದೆ. ಕೊಳವೆ ಅದನ್ನು ದೊಡ್ಡದು ಮಾಡುತ್ತದೆ. ಕೆನ್ನೆ ಉಬ್ಬಿಸಿದವರು ಬೇಗ ಸುಸ್ತಾಗುತ್ತಾರೆ. ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ತುಟಿಯ ಬಿಗಿ ಬದಲಿಸಿಯೇ ಅದರ ಐದಾರು ಸ್ವರ ತೆಗೆಯಬೇಕು. ಹಾಗಾಗಿ ಮೊದಲ ದಿನ ಬರೀ ಬಾಯಿತುದಿಯನ್ನು ಬಿಚ್ಚಿ ಕೊಟ್ಟರೆ ಸಾಕು, ಯಾರಿಗೆ ಬೇಗ ಒಗ್ಗುತ್ತದೆಂದು ಗೊತ್ತಾಗುತ್ತದೆ. ಒಬ್ಬರದು ಮುಗಿದ ಮೇಲೆ ತೊಳೆದು ಇನ್ನೊಬ್ಬರಿಗೆ ಕೊಡಿ. ಉಬ್ಬಸ ಇರುವ ಮಗುವಾದರೆ ವೈದ್ಯರನ್ನೊಮ್ಮೆ ಕೇಳಿ. ಹಾಲುಹಲ್ಲು ಬಿದ್ದು ಮುಂದಿನ ಹಲ್ಲುಗಳು ಬರುವುದು ಸಾಮಾನ್ಯವಾಗಿ ಏಳೆಂಟನೇ ವಯಸ್ಸಿಗೆ, ಆದ್ದರಿಂದ ಆರನೇ ತರಗತಿಗೆ ಆ ಚಿಂತೆಯಿಲ್ಲ.

ಇವಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ಮಾತೊಂದಿದೆ: ‘ನಮ್ ಹುಡ್ಗ ಮದ್ವೆ ಮನೇಲಿ ಬ್ಯಾಂಡ್ ಬಾರ್ಸಬೇಕಾ ಸಾ?’ ಇದರೊಳಗೆ ವಾದ್ಯ ನುಡಿಸುವವರನ್ನು ಕೀಳಾಗಿ ಕಂಡ ಹಳೆಯ ಜಾತಿಯ ಅಳತೆಯಿದೆ. ಅದನ್ನು ಮೇಷ್ಟ್ರುಗಳು ಜಾರಿಸಿ ಮಾತಾಡಬಾರದು. ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ವರ್ಷಾನುಗಟ್ಟಲೆ ಶ್ರಮಿಸಿ ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಹೆತ್ತವರ ಸಭೆಯಲ್ಲಿ ಇದನ್ನು ಹೇಳಬೇಕು. ನಮ್ಮ ಸೀಮೆಯ ಪೂಜಾ ಕುಣಿತ, ಮಾರಿಹಬ್ಬಗಳಲ್ಲಿ ತಮಟೆ ಕೇಳಿ ಬೆಳೆದ ಮಕ್ಕಳ ಕಾಲಿಗೆ ಲಯ ಆಗಲೇ ಕೂತಿರುತ್ತದೆ. ‘ತಮಟೆಯ ಕೈಗೆ ಡ್ರಮ್ ಬಾರದು’ ಎನ್ನುವುದು ಸುಳ್ಳು. ಆದರೆ ಅಂಥ ಮಗುವನ್ನು ಕಣ್ಣುಮುಚ್ಚಿ ಡ್ರಮ್ಮಿಗೇ ಕಟ್ಟಿಹಾಕುವುದೂ ಅನ್ಯಾಯ. ಅವನಿಗೂ ಬ್ಯೂಗಲ್ ಊದಿ ನೋಡಲು ಬಿಡಿ.

ಹುಡುಗಿಯರು ತಾಳ ಹಿಡಿದರೆ ಸಾಕೆಂಬ ಎಣಿಕೆಗೂ ಆಧಾರವಿಲ್ಲ. ಗಣರಾಜ್ಯೋತ್ಸವದ ಸಲುವಾಗಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಬ್ರಾಸ್ ಬ್ಯಾಂಡ್, ಪೈಪ್ ಬ್ಯಾಂಡ್ ಎರಡರಲ್ಲೂ ಹುಡುಗಿಯರ ವಿಭಾಗವೇ ಬೇರೆ ಇದೆ.

ಮಕ್ಕಳೆಷ್ಟೋ ಅಷ್ಟು ವಾದ್ಯ ಬೇಕು, ಅಷ್ಟು ದುಡ್ಡೆಲ್ಲಿ ಎನ್ನುವವರಿಗೆ ಒಂದು ಮಾತು. ಡ್ರಮ್ ಕಲಿಯುವ ಮಗುವಿಗೆ ಮೊದಲ ತಿಂಗಳು ಬೇಕಾದದ್ದು ಒಂದು ಜೊತೆ ಕೋಲು, ಬೆಂಚಿನ ಮೇಲೊಂದು ಹಳೇ ಟೈರಿನ ರಬ್ಬರ್ ತುಂಡು. ಬಲ-ಎಡ, ಬಲ-ಎಡ ಎಂದು ನಿಧಾನವಾಗಿ, ಎರಡೂ ಕೈಯ ಪೆಟ್ಟು ಒಂದೇ ತೂಕಕ್ಕೆ ಬರುವವರೆಗೆ. ಆಮೇಲೆ ನಿಂತಲ್ಲೇ ಕಾಲು ಹಾಕುತ್ತಾ ಬಾರಿಸುವುದು. ಬೇಸ್ ಡ್ರಮ್ಮಿನ ದೊಡ್ಡ ಪೆಟ್ಟು ಎಡಗಾಲಿಗೆ ಬೀಳಬೇಕು. ಇಷ್ಟಾದ ಮೇಲೆ ಒಂದೇ ಡ್ರಮ್ಮನ್ನು ನಾಲ್ವರು ಸರದಿಯಲ್ಲಿ ಬಳಸಬಹುದು. ದಸರಾ ರಜೆ ಮುಗಿದ ಮೇಲೆ ಶುರುಮಾಡಿದರೂ ಜನವರಿ 26ಕ್ಕೆ ಹೊಸಬರ ಸಾಲೊಂದು ಹಿಂದೆ ನಿಂತೀತು.