ಬಿಸಿಲು ಸೀಮೆಯಲ್ಲಿ ಕುಂಡದ ಗಿಡಗಳ ಸಂರಕ್ಷಣೆ: ಸಾಮಾನ್ಯವಾಗಿ ನಡೆಯುವ ತಪ್ಪುಗಳು

ರಾಯಚೂರು, ಬಳ್ಳಾರಿ, ಕಲಬುರಗಿ, ವಿಜಯಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಹಗಲಿನ ಉಷ್ಣತೆಯು ಅನೇಕ ದಿವಸ 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು. ಈ ಕಾಲದಲ್ಲಿ ಜಗಲಿ, ಪಡಸಾಲೆ, ಮಾಳಿಗೆಗಳಲ್ಲಿ ಕುಂಡಗಳಲ್ಲಿಟ್ಟು ಸಾಕಿದ ತುಳಸಿ, ಕರಿಬೇವು, ಮಲ್ಲಿಗೆ, ದಾಸವಾಳ, ಕ್ರೋಟನ್ ಮೊದಲಾದ ಗಿಡಗಳೂ, ಮುಂಗಾರಿನಲ್ಲಿ ತೋಟಕ್ಕೆ ನೆಡಬೇಕೆಂದು ಮುಂಚಿತವಾಗಿ ತಂದಿಟ್ಟುಕೊಂಡ ಮಾವು, ನಿಂಬೆ, ಸಪೋಟದ ಕಸಿಗಿಡಗಳೂ ಸಾಯುವುದು ಕಂಡುಬರುತ್ತದೆ. ಒಡೆಯರು ಇದನ್ನು ಬಿಸಿಲಿನ ದೋಷವೆಂದು ಭಾವಿಸಿ ಸುಮ್ಮನಾಗುವರು. ಆದರೆ ಸತ್ತ ಗಿಡವನ್ನು ಕುಂಡದಿಂದ ಬಿಡಿಸಿ ಬೇರನ್ನು ಪರೀಕ್ಷಿಸಿದಲ್ಲಿ, ಅದು ಒಣಗಿರುವುದಕ್ಕೆ ಬದಲಾಗಿ ಕಪ್ಪಾಗಿ ಕೊಳೆತು ದುರ್ವಾಸನೆ ಬೀರುವುದು ಅನೇಕ ವೇಳೆ ಗೊತ್ತಾಗುವುದು. ಅಂದರೆ ಗಿಡವು ನೀರಿಲ್ಲದೆ ಸತ್ತುದಲ್ಲ. ಅಳತೆಯಿಲ್ಲದ ಉಪಚಾರದಿಂದ ಸತ್ತುದು.

ಭೂಮಿಯಲ್ಲಿ ಬೆಳೆದ ಗಿಡವು ತನ್ನ ಬೇರನ್ನು ಆಳಕ್ಕೂ ಅಗಲಕ್ಕೂ ಚಾಚಿ ತಂಪನ್ನೂ ತೇವವನ್ನೂ ತಾನೇ ಹುಡುಕಿಕೊಳ್ಳುವುದು. ಕುಂಡದ ಗಿಡಕ್ಕೆ ಈ ಸ್ವಾತಂತ್ರ್ಯವಿಲ್ಲ. ಅದರ ಬೇರಿಗೆ ಬೇಕಾದ ನೀರು, ಗಾಳಿ, ತಂಪು ಈ ಮೂರನ್ನೂ ಒಂದು ಗೇಣಿನ ಮಣ್ಣಿನೊಳಗೆ ಮನುಷ್ಯನೇ ಒದಗಿಸಿಕೊಡಬೇಕು. ಜನರು ನೀರೊಂದನ್ನೇ ಲಕ್ಷ್ಯದಲ್ಲಿಟ್ಟು ಗಾಳಿಯನ್ನೂ ತಂಪನ್ನೂ ಮರೆಯುವುದರಿಂದಲೇ ಈ ಕೆಳಗಿನ ತಪ್ಪುಗಳಲ್ಲಿ ಬಹುಭಾಗ ಉಂಟಾಗುವುವು.

1. ನೀರೆರೆಯುವುದರಲ್ಲಿ ತಪ್ಪು.— ಬೇರು ಸಹ ಉಸಿರಾಡುವುದು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿದ್ದಲ್ಲಿ ಮಾತ್ರ ಅದು ನೀರನ್ನು ಹೀರಬಲ್ಲುದು. ಸಂದುಗಳೆಲ್ಲ ಸದಾ ನೀರಿನಿಂದ ತುಂಬಿದ್ದರೆ ಬೇರು ಉಸಿರುಕಟ್ಟಿ ಕೊಳೆಯುವುದು. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಹಸಿಮಣ್ಣಿನಲ್ಲಿದ್ದರೂ ಗಿಡವು ಬಾಡುವುದು. ಬಾಡಿದ ಎಲೆಯನ್ನು ಕಂಡ ಒಡೆಯನು ಮತ್ತೊಂದು ಚೊಂಬು ನೀರು ಹಾಕುವನು. ಹೀಗೆ ರೋಗಕ್ಕೆ ಕಾರಣವಾದುದನ್ನೇ ಔಷಧವೆಂದು ಕೊಟ್ಟಂತಾಗುವುದು.

ಇದಕ್ಕೆ ಪರಿಹಾರವು ಸುಲಭ. ನೀರೆರೆಯುವ ಮೊದಲು ಬೆರಳನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಚುಚ್ಚಿ ನೋಡತಕ್ಕದ್ದು. ತೇವವಿದ್ದರೆ ಆ ದಿವಸ ನೀರು ಬೇಡ. ಒಣಗಿದ್ದರೆ ಕುಂಡದ ತಳದ ತೂತಿನಿಂದ ಹೊರಬರುವಷ್ಟು ನೀರನ್ನು ಒಂದೇ ಸಲ ನಿಧಾನವಾಗಿ ಎರೆಯತಕ್ಕದ್ದು. ದಿನವೂ ಬೊಗಸೆಯಷ್ಟು ನೀರನ್ನು ಮೇಲೆಮೇಲೆ ಚಿಮುಕಿಸುವುದು ಸರಿಯಲ್ಲ. ಇದರಿಂದ ಮೇಲ್ಮಣ್ಣು ಮಾತ್ರ ನೆನೆದು ಕೆಳಗಿನ ಬೇರು ಒಣಗುವುದು. ಕಡುಬೇಸಗೆಯಲ್ಲಿ ಸಣ್ಣ ಕುಂಡದ ಮಲ್ಲಿಗೆಗೆ ದಿನಕ್ಕೆ ಎರಡು ಸಲ ನೀರು ಬೇಕಾಗಬಹುದು. ಅದರ ಪಕ್ಕದಲ್ಲಿಯೇ ಇರುವ ಲೋಳೆಸರಕ್ಕೆ ವಾರಗಟ್ಟಲೆ ಬೇಡವಾಗಬಹುದು. ಎಲ್ಲ ಕುಂಡಗಳಿಗೂ ಒಂದೇ ಲೆಕ್ಕದಲ್ಲಿ ನೀರೆರೆಯುವ ಆಳಿಗೆ ಈ ಭೇದವನ್ನು ತಿಳಿಸಿಕೊಡಬೇಕು.

ನಡುಮಧ್ಯಾಹ್ನ ಗಿಡವು ಸ್ವಲ್ಪ ಬಾಡಿದಂತೆ ಕಂಡರೆ ಗಾಬರಿಯಾಗಬೇಕಾದುದಿಲ್ಲ. ಬೇರು ಹೀರುವುದಕ್ಕಿಂತ ಎಲೆಯು ಹೆಚ್ಚು ನೀರನ್ನು ಬಿಡುವುದರಿಂದ ಹೀಗಾಗುವುದು. ಸಂಜೆಗೆ ತಾನೇ ಚೇತರಿಸಿಕೊಂಡರೆ ಗಿಡವು ಸ್ವಸ್ಥವಾಗಿದೆಯೆಂದು ತಿಳಿಯತಕ್ಕದ್ದು. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಮಣ್ಣನ್ನೂ ಬೇರನ್ನೂ ಪರೀಕ್ಷಿಸಬೇಕು.

ನೀರೆರೆಯಲು ಸೂರ್ಯೋದಯದ ಕಾಲವೇ ಉತ್ತಮ. ಹಗಲಿನಲ್ಲಿ ಎಲೆಯ ಮೇಲೆ ಬಿದ್ದ ಹನಿಯು ಮಸೂರದಂತೆ ಬಿಸಿಲನ್ನು ಕೂಡಿಸಿ ಎಲೆಯನ್ನು ಸುಡುವುದೆಂಬ ನಂಬಿಕೆಯುಂಟು; ನಯವಾದ ಎಲೆಗಳ ವಿಷಯದಲ್ಲಿ ಇದು ನಿಜವಲ್ಲ. ನಿಜವಾದ ಅಪಾಯವು ಬೇರೊಂದು. ಮಾಳಿಗೆಯ ಮೇಲಿನ ತೊಟ್ಟಿಯಲ್ಲಿಯೂ ಬಿಸಿಲಿನಲ್ಲಿ ಬಿದ್ದಿರುವ ಕೊಳವೆಯಲ್ಲಿಯೂ ನಿಂತ ನೀರು ಮಧ್ಯಾಹ್ನಕ್ಕೆ ಕೈ ಸುಡುವಷ್ಟು ಕಾದಿರುವುದು. ಆ ನೀರನ್ನು ನೇರವಾಗಿ ಬುಡಕ್ಕೆ ಬಿಟ್ಟರೆ ಎಳೆಯ ಬೇರುಗಳು ಬೆಂದುಹೋಗುವುವು. ಮೊದಲು ಬರುವ ನೀರನ್ನು ಕೈಯಿಂದ ಪರೀಕ್ಷಿಸಿ, ಬಿಸಿಯಾಗಿದ್ದರೆ ಬಕೆಟ್ಟಿಗೆ ಹಿಡಿದು ಆರಿದ ಮೇಲೆ ಉಪಯೋಗಿಸಬೇಕು.

2. ತಟ್ಟೆಯಲ್ಲಿ ನೀರು ನಿಲ್ಲಿಸುವ ತಪ್ಪು.— ನೆಲವು ಕೊಳೆಯಾಗದಿರಲೆಂದು ಕುಂಡದ ಕೆಳಗೆ ತಟ್ಟೆಯನ್ನಿಡುವ ವಾಡಿಕೆಯಿದೆ. ಬೇಸಗೆಯಲ್ಲಿ ಗಿಡಕ್ಕೆ ತಂಪಾಗಲೆಂದು ಆ ತಟ್ಟೆಯನ್ನು ಸದಾ ತುಂಬಿಡುವವರೂ ಉಂಟು. ಇದರಿಂದ ಬೇರು ಕೊಳೆಯುವುದು ಒಂದು ಹಾನಿ. ಮನೆಯವರ ಆರೋಗ್ಯಕ್ಕೆ ಆಗುವ ಹಾನಿ ಅದಕ್ಕಿಂತಲೂ ದೊಡ್ಡದು. ಡೆಂಗೀ ಮತ್ತು ಚಿಕುನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಎಂಬ ಸೊಳ್ಳೆಯು ಇಂತಹ ತಿಳಿನೀರಿನಲ್ಲಿಯೇ ಹೆಚ್ಚಾಗಿ ಹುಟ್ಟುವುದು. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯು ಒಡೆದು ಹುಳುವಾಗಿ, ಹುಳುವು ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿವಸಗಳು ಸಾಕು. ಈ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು. ಆದುದರಿಂದ ರಾತ್ರಿಯ ಸೊಳ್ಳೆಪರದೆಯೊಂದರಿಂದಲೇ ರಕ್ಷಣೆ ದೊರೆಯದು. 2006ರಲ್ಲಿ ಚಿಕುನ್‌ಗುನ್ಯಾ ಜ್ವರವು ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಹರಡಿ, ಕೀಲುನೋವಿನಿಂದ ಕೂಲಿಕಾರರೂ ರೈತರೂ ವಾರಗಟ್ಟಲೆ ಹೊಲದ ಕೆಲಸಕ್ಕೆ ಏಳಲಾರದೆ ಹೋದುದು ಗ್ರಾಮಗಳಲ್ಲಿ ಇನ್ನೂ ಮರೆತಿರಲಾರದು.

ತಟ್ಟೆಯ ನೀರನ್ನು ಚೆಲ್ಲಿದರಷ್ಟೇ ಸಾಲದು. ಈ ಸೊಳ್ಳೆಯು ನೀರಿನ ಅಂಚಿನ ಒದ್ದೆಗೋಡೆಗೆ ಮೊಟ್ಟೆಯನ್ನು ಅಂಟಿಸುವುದು. ಆ ಮೊಟ್ಟೆಗಳು ನೀರಿಲ್ಲದೆಯೂ ಕೆಲವು ತಿಂಗಳು ಜೀವದಿಂದಿದ್ದು ಮತ್ತೆ ನೀರು ಬಿದ್ದೊಡನೆ ಒಡೆಯುವುವು. ಆದುದರಿಂದ ವಾರಕ್ಕೊಂದಾವೃತ್ತಿ, ದಿನವನ್ನು ಗೊತ್ತುಮಾಡಿಕೊಂಡು, ತಟ್ಟೆಗಳನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಬಿಸಿಲಿನಲ್ಲಿ ಒಣಗಿಸತಕ್ಕದ್ದು. ತಟ್ಟೆಯಲ್ಲಿ ಮರಳನ್ನು ತುಂಬಿ ಅದರ ಮೇಲೆ ಕುಂಡವನ್ನಿಟ್ಟರೆ ನೀರು ಬಯಲಾಗಿ ನಿಲ್ಲುವುದಿಲ್ಲ. ತಟ್ಟೆಯನ್ನು ತೆಗೆದು ಕುಂಡವನ್ನು ಎರಡು ಇಟ್ಟಿಗೆಗಳ ಮೇಲಿಡುವುದು ಎಲ್ಲಕ್ಕಿಂತ ಲೇಸು; ತಳದ ತೂತಿಗೆ ಗಾಳಿಯೂ ಆಡುವುದು.

3. ಕುಂಡವನ್ನು ಆರಿಸುವುದರಲ್ಲಿ ತಪ್ಪು.— ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುವುದು. ಸುಟ್ಟ ಮಣ್ಣಿನ ಕುಂಡವೂ ಇದೇ ರೀತಿಯಲ್ಲಿ ಬೇರನ್ನು ತಂಪಾಗಿಡುವುದು. ಅಂದಕ್ಕಾಗಿ ಅದರ ಮೈಗೆ ಎಣ್ಣೆಬಣ್ಣವನ್ನು ಬಳಿದರೆ ರಂಧ್ರಗಳು ಮುಚ್ಚಿ ಈ ಗುಣವು ನಷ್ಟವಾಗುವುದು. ಕಪ್ಪು ಪ್ಲಾಸ್ಟಿಕ್ ಕುಂಡ ಮತ್ತು ತಗಡಿನ ಡಬ್ಬಗಳು ಬಿಸಿಲಿನಲ್ಲಿ ಹೊರಗಿನ ಗಾಳಿಗಿಂತಲೂ ಹೆಚ್ಚಾಗಿ ಕಾದು, ಪಕ್ಕೆಗೆ ತಾಗಿದ ಬೇರಿನ ತುದಿಗಳನ್ನು ಕೊಲ್ಲುವುವು. ಇವುಗಳನ್ನು ಉಪಯೋಗಿಸಲೇಬೇಕಾದರೆ ಮತ್ತೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಟ್ಟು, ನಡುವಣ ಸಂದಿಗೆ ಮರಳು ತುಂಬಿ ಆ ಮರಳನ್ನು ತೇವವಾಗಿಡಬೇಕು. ಹೊರಗಿನ ಕುಂಡಕ್ಕೂ ತಳದಲ್ಲಿ ತೂತಿರಬೇಕು.

4. ಮಣ್ಣಿನ ವಿಷಯ.— ಹೊಲದ ಎರೆಮಣ್ಣು ಜೋಳಕ್ಕೂ ಹತ್ತಿಗೂ ಶ್ರೇಷ್ಠವಾದುದೇ ಸರಿ. ಆದರೆ ಅದನ್ನು ಹಾಗೆಯೇ ಕುಂಡಕ್ಕೆ ತುಂಬಬಾರದು. ನೆನೆದಾಗ ಅದು ಗಾಳಿಯಾಡದಂತೆ ಬಿಗಿಯುವುದು. ಒಣಗಿದಾಗ ಕುಗ್ಗಿ ಕುಂಡದ ಪಕ್ಕೆಯಿಂದ ಬಿಟ್ಟುಕೊಳ್ಳುವುದು. ಆಗ ಎರೆದ ನೀರು ಆ ಬಿರುಕಿನಲ್ಲಿಯೇ ಇಳಿದು ಹೊರಟುಹೋಗುವುದರಿಂದ ಬೇರು ಒಣಗಿಯೇ ಉಳಿಯುವುದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ, ಈ ಮಿಶ್ರಣವು ಬಹುತೇಕ ಗಿಡಗಳಿಗೆ ಒಗ್ಗುವುದು. ನೀರು ಬಸಿಯಲೆಂದು ತಳದಲ್ಲಿ ನಾಲ್ಕು ಅಂಗುಲ ಜಲ್ಲಿ ತುಂಬುವುದು ನಿರರ್ಥಕ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲಿಯೇ ನಿಲ್ಲುವುದಲ್ಲದೆ ಬೇರಿಗೆ ಸ್ಥಳವೂ ಕಡಿಮೆಯಾಗುವುದು. ತೂತಿನ ಮೇಲೆ ಒಂದು ಹಂಚಿನ ಚೂರನ್ನು ಮಗುಚಿಟ್ಟರೆ ಸಾಕು. ಮೇಲ್ಭಾಗಕ್ಕೆ ಒಣಎಲೆ ಅಥವಾ ತೆಂಗಿನ ನಾರನ್ನು ಹೊದಿಸಿದರೆ ತೇವವು ಬೇಗನೆ ಆರುವುದಿಲ್ಲ.

ಒಮ್ಮೆ ಪೂರ್ತಿಯಾಗಿ ಒಣಗಿ ಗಟ್ಟಿಯಾದ ಮಣ್ಣಿಗೆ ಮೇಲಿನಿಂದ ನೀರೆರೆದರೆ ಹಿಡಿಯುವುದಿಲ್ಲ. ಅಂತಹ ಕುಂಡವನ್ನು ನೀರಿರುವ ಬಕೆಟ್ಟಿನಲ್ಲಿ ಮುಕ್ಕಾಲು ಭಾಗ ಮುಳುಗುವಂತೆ ಇಟ್ಟು, ಗುಳ್ಳೆಗಳೇಳುವುದು ನಿಂತ ಮೇಲೆ ಹೊರತೆಗೆದು ಚೆನ್ನಾಗಿ ಬಸಿಯಬಿಡಬೇಕು.

5. ಅಕಾಲದಲ್ಲಿ ಗೊಬ್ಬರ.— ಬಾಡಿದ ಗಿಡಕ್ಕೆ ಬಲ ಬರಲೆಂದು ಹಿಡಿ ಯೂರಿಯಾ ಹಾಕುವುದು ಹಸಿದು ಬಳಲಿದ ರೋಗಿಗೆ ಉಪ್ಪುನೀರು ಕುಡಿಸಿದಂತೆ. ಮಣ್ಣಿನಲ್ಲಿ ಲವಣ ಹೆಚ್ಚಾದಷ್ಟೂ ಬೇರಿಗೆ ನೀರು ಹೀರುವುದು ಕಷ್ಟವಾಗಿ ಎಲೆಯ ಅಂಚು ಸುಟ್ಟಂತಾಗುವುದು. ಹಸಿ ಸೆಗಣಿಯೂ ಕೊಳೆಯುವಾಗ ಕಾವನ್ನು ಹುಟ್ಟಿಸಿ ಬೇರನ್ನು ಕೆಡಿಸುವುದು. ಕೊಳವೆಬಾವಿಯ ಗಡಸುನೀರನ್ನು ಉಪಯೋಗಿಸುವ ಗ್ರಾಮಗಳಲ್ಲಿ ಕುಂಡದ ಮೈಮೇಲೆ ಬಿಳಿಯ ಪುಡಿ ಕಟ್ಟುವುದು ಈ ಲವಣದ ಗುರುತು. ಮಳೆನೀರು ದೊರೆತಾಗ ಕುಂಡವನ್ನು ಹೊರಗಿಟ್ಟು ಲವಣವು ತೊಳೆದುಹೋಗುವಂತೆ ಮಾಡಬೇಕು.

6. ಸ್ಥಳ ಮತ್ತು ಋತು.— ಸಮುದ್ರಮಟ್ಟದಿಂದ 900 ಮೀಟರಿಗಿಂತಲೂ ಎತ್ತರದಲ್ಲಿರುವ ಬೆಂಗಳೂರಿನ ಹವೆಯು ತಂಪಾದುದು. ಸುಮಾರು 400 ಮೀಟರು ಎತ್ತರದ ರಾಯಚೂರಿನ ಹವೆ ಹಾಗಲ್ಲ. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅಲ್ಲಿನ ಜರಿಗಿಡ, ಬಿಗೋನಿಯಾಗಳನ್ನು ಮೆಚ್ಚಿ ಅಂತಹವನ್ನೇ ಕೊಂಡುತರುವರು. ಎರಡು ತಿಂಗಳೊಳಗೆ ಅವು ಬಿಸಿಗಾಳಿಗೆ ಸಿಕ್ಕಿ ಸೊರಗುವುವು. ನೆರಳುಮನೆಯಲ್ಲಿ ಬೆಳೆದ ಯಾವ ಗಿಡವನ್ನೇ ಆಗಲಿ ತಂದ ದಿನವೇ ಬಿಸಿಲಿಗಿಡದೆ, ಹತ್ತು ಹದಿನೈದು ದಿವಸ ಎಳೆಬಿಸಿಲಿನಲ್ಲಿ ಒಗ್ಗಿಸಬೇಕು. ಪೂರ್ವ ಅಥವಾ ಉತ್ತರದ ಜಗಲಿಯು ಗಿಡಗಳಿಗೆ ಪ್ರಶಸ್ತ. ಪಶ್ಚಿಮದ ಕಿಟಕಿಯೂ ಬರಿಯ ಮಾಳಿಗೆಯೂ ಅಪಾಯಕರ. ಕುಂಡಗಳನ್ನು ಒತ್ತಾಗಿ ಗುಂಪುಗೂಡಿಸಿಟ್ಟರೆ ಒಂದರ ನೆರಳು ಇನ್ನೊಂದರ ಬುಡಕ್ಕೆ ಬೀಳುವುದು.

ಕಡುಬಿಸಿಲಿನಲ್ಲಿ ಕುಂಡವನ್ನು ಬದಲಿಸುವುದೂ ಕೊಂಬೆಗಳನ್ನು ಬಹಳವಾಗಿ ಸವರುವುದೂ ಕೂಡದು. ರೋಹಿಣಿ ಕಳೆದು ಮೃಗಶಿರಾ ಮಳೆ ಹಿಡಿದ ಮೇಲೆ ಈ ಕೆಲಸಗಳನ್ನು ಮಾಡಿದರೆ ಗಿಡವು ಬೇಗನೆ ಚಿಗುರುವುದು. ಒಣಹವೆಯಲ್ಲಿ ಎಲೆಯ ಮೇಲೆ ಸಣ್ಣ ಬಿಳಿಚುಕ್ಕೆಗಳೂ ಅಡಿಯಲ್ಲಿ ನವಿರಾದ ಬಲೆಯೂ ಕಂಡರೆ ಅದು ನೀರಿನ ಕೊರತೆಯಲ್ಲ, ನುಸಿಯ ಪೀಡೆ; ಎಲೆಯ ಅಡಿಭಾಗವನ್ನು ವಾರಕ್ಕೆರಡು ಸಲ ನೀರಿನಿಂದ ರಭಸವಾಗಿ ತೊಳೆದರೆ ಬಹಳಮಟ್ಟಿಗೆ ಹತೋಟಿಗೆ ಬರುವುದು.

ಈ ಕ್ರಮಗಳಿಗೆ ಹಣದ ಖರ್ಚಿಲ್ಲ; ಗಮನವೊಂದೇ ಬೇಕು. ಮೇ ತಿಂಗಳಿನಲ್ಲಿ ಸತ್ತ ಒಂದು ಮಾವಿನ ಕಸಿಗಿಡದಿಂದ ಅದರ ಬೆಲೆಯ ಜೊತೆಗೆ ಮುಂಗಾರಿನ ನಾಟಿಯೂ ತಪ್ಪಿ, ಫಲವು ಒಂದು ವರ್ಷ ಹಿಂದೆ ಬೀಳುವುದು. ನಿಂತ ನೀರಿನಿಂದಾಗುವ ನಷ್ಟವಾದರೋ ಒಬ್ಬ ಒಡೆಯನದು ಮಾತ್ರವಲ್ಲ. ಒಂದು ಮನೆಯ ತಟ್ಟೆಯಲ್ಲಿ ಹುಟ್ಟಿದ ಸೊಳ್ಳೆಯು ನೆರೆಮನೆಯ ಮಗುವನ್ನೂ ಕಚ್ಚುವುದು. ಆದಕಾರಣ ಗ್ರಾಮದ ಮುಖಂಡರು ತಮ್ಮ ಮನೆಯ ಜಗಲಿಯಿಂದಲೇ ಆರಂಭಿಸಿ, ಶಾಲೆ, ದೇವಸ್ಥಾನ, ಪಂಚಾಯಿತಿ ಕಚೇರಿಗಳ ಮುಂದಿರುವ ಕುಂಡಗಳನ್ನೂ ವಾರಕ್ಕೊಮ್ಮೆ ನೋಡಿಸುವ ಏರ್ಪಾಡನ್ನು ಬೇಸಗೆಯಲ್ಲಿಯೇ ಮಾಡಿಟ್ಟುಕೊಂಡರೆ, ಮಳೆಗಾಲದ ಹೊತ್ತಿಗೆ ಗಿಡಗಳೂ ಉಳಿದಿರುವುವು, ಗ್ರಾಮವೂ ಆರೋಗ್ಯದಿಂದಿರುವುದು.